ಬಿಸಿಲು ಬಾರದ ಊರಿನಲ್ಲಿ ಪದ್ಮಕ್ಕನ ಊಟ

ಗಡಹಿಂಗ್ಲಜ

ಹಿಮದ ಮೇಲೆ ಜಾರಲು ಬಾರದವರು ಹಿಮದ ಊರಿಗೆ ಹೋಗಿ ಮಾಡುವುದೇನು ಎಂದು ಇಚಲಕರಂಜಿಯಲ್ಲಿ ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಊಟ ಮಾಡುವುದು ಎಂದು ಹೇಳುತ್ತೇನೆ. ನಗುತ್ತಾರೆ. ನಗಲಿ. ಆಸ್ಟ್ರಿಯಾದ ಆ ಗುಡ್ಡಗಳ ನಡುವೆ ನಾನು ಮತ್ತು ನನ್ನ ಅಕ್ಕ ಮಾಡಿದ್ದು ಅದೊಂದೇ ಕೆಲಸ. ಅಷ್ಟು ಓಡಾಡಿ, ಅಷ್ಟು ಹೆದರಿ, ಕಡೆಗೆ ಅಷ್ಟು ಮೆರೆದು ನಾನು ಇನ್ನೊಂದು ಕೆಲಸ ಮಾಡಿದ್ದಿಲ್ಲ.

ಅಕ್ಕನ ಹೆಸರು ಪದ್ಮಾವತಿ, ಊರಿಗೆಲ್ಲ ಪದ್ಮಕ್ಕ. ವಯಸ್ಸು ಅರವತ್ತೇಳು. ಗಡಹಿಂಗ್ಲಜದ ಪೇಟೆಯಲ್ಲಿ ಆಕೆಯದು ನೀರಾವರಿ ಪೈಪಿನ ಅಂಗಡಿ. ಗಂಡ ತೀರಿಕೊಂಡಾಗ, ‘ಇದು ಗಂಡಸರ ಧಂದೆ, ಅಂಗಡಿ ಮಾರಿ ನಮ್ಮ ಕಡೆ ಬಂದುಬಿಡು’ ಎಂದು ನಾವು ತಮ್ಮಂದಿರೆಲ್ಲ ಸೇರಿ ಉಪದೇಶ ಮಾಡಿದ್ದೆವು. ಆಕೆ ನಮ್ಮ ಮಾತನ್ನು ಪೂರ್ತಿ ಕೇಳಿ, ಚಹಾ ಕುಡಿಸಿ ಕಳಿಸಿ, ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಳು. ಹಲಕರ್ಣಿ ಕಡೆಯ ಕಬ್ಬಿನ ಹೊಲಗಳಿಗೆ ಜೀಪಿನಲ್ಲಿ ತಾನೇ ಹೋಗಿ, ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ನಿಂತು ಪೈಪು ಹಾಕಿಸಿದಳು. ಕಳೆದ ವರ್ಷ ಜಿಲ್ಲೆಯಲ್ಲೇ ಎಲ್ಲರಿಗಿಂತ ಹೆಚ್ಚು ಮಾರಿದವಳು ಆಕೆ. ಪೈಪಿನ ಕಂಪನಿಯವರು ಬಹುಮಾನವೆಂದು ಪರದೇಶ ಪ್ರವಾಸ ಕೊಟ್ಟರು, ಜೊತೆಗೊಬ್ಬರನ್ನು ಕರೆತರಬಹುದು ಎಂದರು. ಉಪದೇಶ ಮಾಡಿದ ತಮ್ಮಂದಿರಲ್ಲಿ ಎಲ್ಲರಿಗಿಂತ ಹೆಚ್ಚು ಬಾಯಿ ಮಾಡಿದ್ದ ನನ್ನನ್ನೇ ಆರಿಸಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ‘ನಾವು’ ಎಂದರೆ ಅಕ್ಕ. ನಾನು ನೂಲಿನ ವ್ಯಾಪಾರಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಖಾರದ ಮಿಸಳ್ ತಿನ್ನಲು ಗಾಡಿಯ ಮುಂದೆ ನಿಲ್ಲುವ ಜೈನ. ಅಕ್ಕ ಹಾಗಲ್ಲ. ಚಿಕ್ಕವಳಿದ್ದಾಗ ನಮ್ಮೂರಲ್ಲಿ ಚಾತುರ್ಮಾಸಕ್ಕೆ ನಿಂತ ಮುನಿ ಮಹಾರಾಜರ ಮುಂದೆ ಕೈಮುಗಿದು, ‘ಸೂರ್ಯನ ಬೆಳಕಿನ್ಯಾಗ ಅಷ್ಟ ಉಣ್ಣತೀನಿ’ ಎಂದು ಮಾತು ಕೊಟ್ಟವಳು. ಅವತ್ತಿನಿಂದ ಇವತ್ತಿನವರೆಗೆ, ತನ್ನ ಮದುವೆಯ ದಿನವೂ ಸೇರಿ, ಆ ಮಾತು ತಪ್ಪಿಲ್ಲ.

ಹಾಗಾಗಿ ಹೊರಡುವ ಮುಂಚೆ ಪ್ರವಾಸದ ಮ್ಯಾನೇಜರ್ ದೇಶಮುಖರನ್ನು ಫೋನಿನಲ್ಲಿ ಹಿಂಡಿ ಹಿಪ್ಪೆ ಮಾಡಿದಳು. ಪುಣೆಯ ಮನುಷ್ಯ, ಮರಾಠಿಯಲ್ಲಿ ಪ್ರತಿಯೊಂದಕ್ಕೂ ‘ಹೋ ತಾಯಿ, ಹೋ ತಾಯಿ’ ಎಂದು ಹೂಂಗುಟ್ಟಿದರು. ಬಟಾಟೆ ಇಲ್ಲ, ಉಳ್ಳಾಗಡ್ಡಿ ಇಲ್ಲ, ತತ್ತಿ ಮುಟ್ಟಿದ ಚಮಚ ಇಲ್ಲ, ಸಂಜೆಯ ಊಟ ಸೂರ್ಯಾಸ್ತದ ಮುಂಚೆ. ಎಲ್ಲ ಗ್ಯಾರಂಟಿ. ಕೇಳಬೇಕಾದದ್ದನ್ನೆಲ್ಲ ಅಕ್ಕ ಕೇಳಿದ್ದಳು. ಅಲ್ಲಿ ಸೂರ್ಯ ಇದ್ದಾನೆಯೇ ಎಂದು ಮಾತ್ರ ಕೇಳಿರಲಿಲ್ಲ. ಅದನ್ನು ಯಾರು ಕೇಳುತ್ತಾರೆ?

ನೆಳ್ಳೂರು

ಆ ಹಳ್ಳಿಯ ನಿಜವಾದ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಅಕ್ಕ ಅದಕ್ಕೆ ನೆಳ್ಳೂರು, ಎಂದರೆ ನೆರಳಿನ ಊರು, ಎಂದು ಹೆಸರಿಟ್ಟಳು. ನಾನೂ ಅದನ್ನೇ ಇಟ್ಟುಕೊಂಡೆ. ಎರಡು ಎತ್ತರದ ಗುಡ್ಡಗಳ ನಡುವೆ ಸಿಕ್ಕಿಕೊಂಡ ಊರು. ಒಂದು ಚರ್ಚು, ಅದರ ಮುಂದೊಂದು ಬಯಲು, ಬಯಲಿನ ನಡುವೆ ಕಾರಂಜಿ, ಆಚೆ ತುದಿಗೆ ಬೇಕರಿ. ಮನೆಗಳ ಮಾಡಿನ ಮೇಲೆ ಹಾಸಿಗೆಯ ದಪ್ಪದ ಹಿಮ.

ನಾವು ಇಳಿದುಕೊಂಡದ್ದು ರೋಸಾ ಎಂಬ ಮುದುಕಿಯ ವಸತಿಗೃಹದಲ್ಲಿ. ಎಂಬತ್ತರ ಹೆಂಗಸು, ಕೈಯಲ್ಲಿ ಕೋಲು, ತಲೆಗೊಂದು ಬಣ್ಣದ ವಸ್ತ್ರ, ಇಂಗ್ಲಿಷು ನನ್ನಷ್ಟೇ ಮುರುಕು. ಅಕ್ಕ ಮೊದಲ ನೋಟಕ್ಕೇ ಆಕೆಯನ್ನು ರೋಸಾಬಾಯಿ ಮಾಡಿಬಿಟ್ಟಳು. ಬಸ್ಸಿಳಿದಾಗ ಮಧ್ಯಾಹ್ನ. ಮೇಜಿನ ಮೇಲೆ ಅನ್ನ, ಮೊಸರು, ಬೇಯಿಸಿದ ಬಟಾಣಿ, ಬಿಸಿ ಹಾಲು. ದೇಶಮುಖರು ‘ಹೆಂಗ?’ ಎನ್ನುವಂತೆ ಹುಬ್ಬು ಹಾರಿಸಿದರು. ಅಕ್ಕ ಕೈ ತೊಳೆದು ಬಂದಳು, ಕಿಟಕಿಯ ಹೊರಗೆ ನೋಡಿದಳು, ಕತ್ತು ಚಾಚಿ ಮೇಲೆ ನೋಡಿದಳು, ಬಾಗಿಲಿಗೆ ಹೋಗಿ ಬೇರೆ ದಿಕ್ಕಿಗೂ ನೋಡಿದಳು.

‘ಬಾಳೂ, ಸೂರ್ಯಾ ಎಲ್ಲಿ ಹೋಗ್ಯಾನ? ಮ್ವಾಡ ಇಲ್ಲ, ಏನಿಲ್ಲ. ಮುಗಲ ನೀಲಿ ಐತಿ’ ಎಂದು ನನ್ನನ್ನು ಕೇಳಿದಳು.

ಹೌದಲ್ಲ ಎನ್ನಿಸಿ ನಾನು ರೋಸಾಬಾಯಿಯನ್ನು ಕೇಳಿದೆ. ಆಕೆ ಪಾತ್ರೆ ಒರೆಸುತ್ತಲೇ ಹೇಳಿದಳು: ಸೂರ್ಯ ನವೆಂಬರಿನಲ್ಲಿ ಹೋದ. ಈ ಶುಕ್ರವಾರ ಬರುತ್ತಾನೆ.

ಕಬ್ಬು ಕಡಿಯುವ ಟೋಳಿ ಯಾವಾಗ ವಾಪಸ್ಸು ಬರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅಷ್ಟು ಸಹಜವಾಗಿ ಹೇಳಿದಳು. ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಮತ್ತೆ ಕೇಳಿದೆ. ಆಕೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಕೋಲೆತ್ತಿ ತೋರಿಸಿದಳು. ದಕ್ಷಿಣಕ್ಕೆ ಗೋಡೆಯಂತೆ ನಿಂತ ಗುಡ್ಡ. ಚಳಿಗಾಲದಲ್ಲಿ ಸೂರ್ಯ ಮೇಲೇರುವುದೇ ಕಡಿಮೆ. ಆ ಗೋಡೆಯ ಆಚೆಗೇ ಹುಟ್ಟಿ ಆಚೆಗೇ ನಡೆದು ಆಚೆಗೇ ಮುಳುಗುತ್ತಾನೆ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಊರಿಗೆ ಹಗಲಿದೆ, ಬಿಸಿಲಿಲ್ಲ.

ಅಕ್ಕ ತಾಟು ಸರಿಸಿದಳು.

ನನಗೆ ನಗುವೂ ಬಂತು, ಸಿಟ್ಟೂ ಬಂತು. ‘ಅಕ್ಕಾ, ಮಳಿಗಾಲದಾಗ ಎಂಟೆಂಟ ದಿನ ಸೂರ್ಯಾ ಕಾಣಂಗಿಲ್ಲ. ಅವಾಗ ಉಣ್ಣಂಗಿಲ್ಲೇನ ನೀನು?’

‘ಅದು ಮ್ವಾಡ. ಮ್ವಾಡದ ಹಿಂದ ಬೆಳಕ ಇರತೈತಿ, ಅಲ್ಲೇ ಅದಾನ ಅಂತ ಗೊತ್ತಾಗತೈತಿ. ಗುಡ್ಡದ ಹಿಂದ ಹೋದ್ರ ಅದಕ್ಕ ಮುಳಗೂದು ಅಂತಾರ. ನಮ್ಮೂರಾಗೂ ಅವಾ ಗುಡ್ಡದ ಹಿಂದ ಮುಳಗತಾನ, ಇಲ್ಲೂ ಗುಡ್ಡದ ಹಿಂದ. ಫರಕ ಏನೈತಿ?’

ನಮ್ಮ ಬಸದಿಯ ಉಪಾಧ್ಯೆಯವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ಪೂಜೆ ಮುಗಿಸಿ ಕೂತಿದ್ದರು. ಎಲ್ಲ ಕೇಳಿ, ‘ಪದ್ಮಕ್ಕಾರ, ಪಂಚಾಂಗದಾಗಿನ ವ್ಯಾಳ್ಯಾ ನೋಡ್ರಿ. ಅಲ್ಲಿ ಸೂರ್ಯಾಸ್ತ ಯಾವಾಗ ಐತಿ ಅದರ ಒಳಗ ಉಣ್ಣರಿ. ದೋಷ ಇಲ್ಲ’ ಎಂದರು. ಅಕ್ಕ ಭಾಳ ನಮ್ರತೆಯಿಂದ ‘ಹೌದ್ರಿ, ಹೌದ್ರಿ’ ಎಂದಳು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, ‘ಅವರು ಶಾಸ್ತ್ರ ಹೇಳಿದ್ರು. ನಾ ಮಾತ ಕೊಟ್ಟಾಗ ಪಂಚಾಂಗ ಅನಲಿಲ್ಲ, ಬೆಳಕ ಅಂದೆ’ ಎಂದಳು.

ಶುಕ್ರವಾರಕ್ಕೆ ಇನ್ನು ನಾಲ್ಕು ದಿನ. ಆಕೆಗೆ ಸಕ್ಕರೆ ಕಾಯಿಲೆ, ದಿನಾ ಎರಡು ಹೊತ್ತು ಗುಳಿಗೆ. ಉಪವಾಸ ಕೂಡದು ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು.

ಅಷ್ಟರಲ್ಲಿ ಅಕ್ಕ ಉತ್ತರದ ಗುಡ್ಡದ ನೆತ್ತಿಯನ್ನು ನೋಡುತ್ತ ನಿಂತಿದ್ದಳು. ಅಲ್ಲಿ ಮೇಲೆ, ಭಾಳ ಮೇಲೆ, ಹಿಮವೆಲ್ಲ ಅರಿಶಿನ ಬಳಿದ ಹಾಗೆ ಹೊಳೆಯುತ್ತಿತ್ತು. ಕೆಳಗಿನಿಂದ ಸರಿಗೆಗೆ ತೂಗುಹಾಕಿದ ಡಬ್ಬಿಗಳು ಜನರನ್ನು ಹೊತ್ತು ಒಂದರ ಹಿಂದೊಂದು ಅಲ್ಲಿಗೆ ಏರುತ್ತಿದ್ದವು.

‘ಬಿಸಿಲ ಅಲ್ಲಿ ಬಂದೈತಿ. ಊಟಾ ಕಟಗೋ, ಅಲ್ಲಿ ಹೋಗೂಣು. ಬೀಗರೂರಾಗ ಊಟಾ ಇದ್ರ ಬೀಗರೂರಿಗೆ ಹೋಗತೀವಲ್ಲ?’

ಮೇಲಿನ ಬಿಸಿಲು

ಡಬ್ಬಿಯ ಬಾಗಿಲಲ್ಲಿ ನಿಂತ ಮನುಷ್ಯ ನಮ್ಮ ಸ್ಕೀ ಎಲ್ಲಿ ಎಂದು ಕೇಳಿದ. ನಾನು ಊಟದ ಡಬ್ಬಿ ಎತ್ತಿ ತೋರಿಸಿದೆ. ನಮ್ಮ ಜೊತೆ ಹತ್ತಿದವರೆಲ್ಲ ಹೆಲ್ಮೆಟ್ಟು, ಕನ್ನಡಕ, ಉದ್ದುದ್ದ ಹಲಗೆ ಹಿಡಿದ ಯೋಧರು. ಅವರ ನಡುವೆ ಅಕ್ಕ: ಒಳಗೆ ಉಣ್ಣೆಯ ಪಾಯಿಜಾಮ, ಮೇಲೆ ಇಳಕಲ್ ಸೀರೆ, ಅದರ ಮೇಲೆ ಸ್ವೆಟರು, ಅದರ ಮೇಲೆ ನನ್ನ ಹೆಂಡತಿಯ ಕೋಟು, ತಲೆಗೆ ಕಿವಿ ಮುಚ್ಚುವ ಟೊಪ್ಪಿಗೆ. ಡಬ್ಬಿ ನೆಲ ಬಿಟ್ಟಾಗ ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ಕಿಟಕಿಯಿಂದ ಕೆಳಗೆ ನೋಡಿ, ‘ಈ ಇಳಿಜಾರಿಗೆ ಪಂಪ ಬೇಕಾಗಂಗಿಲ್ಲ, ಮ್ಯಾಲೊಂದ ಟಾಕಿ ಕಟ್ಟಿದ್ರ ಸಾಕು’ ಎಂದು ಲೆಕ್ಕ ಹಾಕುತ್ತಿದ್ದಳು.

ಅರ್ಧ ದಾರಿಯಲ್ಲಿ ಬಿಸಿಲು ಒಮ್ಮೆಲೇ ಡಬ್ಬಿಯೊಳಗೆ ಸುರಿಯಿತು. ಅಕ್ಕ ಕೂತಲ್ಲೇ ಕೈಮುಗಿದಳು. ಎದುರು ಕೂತ ಯೋಧನೊಬ್ಬ, ಸುಮ್ಮನಿರಲಾರದೆ, ತಾನೂ ತಲೆ ಬಾಗಿಸಿದ.

ಮೇಲೆ ಹೋಟೆಲಿನ ಮುಂದೆ ಸಾಲು ಸಾಲು ಬೆಂಚು. ಬೆಂಚಿನ ತುಂಬ ಜನ ಕಣ್ಣು ಮುಚ್ಚಿ, ಮುಖ ಬಿಸಿಲಿಗೆ ಒಡ್ಡಿ, ಮಾತಿಲ್ಲದೆ ಕೂತಿದ್ದರು. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ ಹಾಗೆ. ನಮ್ಮೂರಲ್ಲಿ ಬಿಸಿಲು ಬಂದರೆ ನಾವು ಒಳಗೆ ಓಡುತ್ತೇವೆ. ಇವರು ಅದಕ್ಕಾಗಿ ಗುಡ್ಡ ಹತ್ತಿ ಬರುತ್ತಾರೆ. ‘ಇವರದೂ ನನ್ನಂಗ ವ್ರತ ಇದ್ದಂಗೈತಿ’ ಎಂದು ಅಕ್ಕ ಮೆಚ್ಚಿಕೊಂಡಳು. ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ರೋಸಾಬಾಯಿಯ ಮೊಸರು. ನನ್ನ ಜನ್ಮದಲ್ಲಿ ಅಂಥ ಊಟ ಉಂಡಿಲ್ಲ. ಆಕೆ ಎರಡನೆಯ ರೊಟ್ಟಿ ಮುರಿಯುವ ಸದ್ದು ಕೇಳಿದ ಮೇಲೇ ನನ್ನ ಎದೆ ಹಗುರಾಯಿತು.

ಅಲ್ಲಿಂದ ದಿನಾ ಇದೇ ನಡೆಯಿತು. ಬೆಳಿಗ್ಗೆ ಮೇಲೆ ಬಿಸಿಲು ಬಿದ್ದೊಡನೆ ಹೋಗಿ ನಾಷ್ಟಾ. ಸಂಜೆಯ ಊಟವೂ ಬಿಸಿಲಿರುವಾಗಲೇ, ಅಲ್ಲೇ. ನಡುವೆ ಹಿಮದ ದಾರಿಯಲ್ಲಿ ಕೋಲು ಊರಿಕೊಂಡು ತಿರುಗಾಟ. ಕುದುರೆ ಬಂಡಿಯಲ್ಲೂ ಕೂತೆವು. ಅಕ್ಕ ಕುದುರೆಯ ಹಲ್ಲು ನೋಡಿ ವಯಸ್ಸು ಹೇಳಿದಳು, ಬಂಡಿಯವ ಒಪ್ಪಲಿಲ್ಲ. ಹೋಟೆಲಿನಲ್ಲಿ ಬಿಸಿ ಹಾಲು ಕೊಟ್ಟ ಹೆಂಗಸು ಇನ್ನೂ ಬೇಕೇ ಎಂದು ಕೇಳಿದಾಗ ಅಕ್ಕ ರೂಢಿಯಂತೆ ‘ಬ್ಯಾಡ, ಬ್ಯಾಡ’ ಎಂದಳು. ಆ ಹೆಂಗಸು ಹಾಲು ತೆಗೆದುಕೊಂಡು ಹೋಗಿಯೇಬಿಟ್ಟಳು! ನಮ್ಮಲ್ಲಾದರೆ ಮೂರು ಸಲ ಬೇಡ ಎನ್ನಬೇಕು, ನಾಲ್ಕನೆಯ ಸಲಕ್ಕೆ ಬಟ್ಟಲು ತುಂಬಿರಬೇಕು. ಅಕ್ಕ ಆ ಹಾಲಿನ ಬೆನ್ನು ನೋಡುತ್ತ ಭಾಳ ಹೊತ್ತು ಕೂತಳು.

ಜಾರುಬಂಡಿ

ಮೂರನೆಯ ದಿನ ಬಿಸಿಲು ಬಿಟ್ಟು ಏಳಲಾರದೆ ಕೂತು ಕೊನೆಯ ಡಬ್ಬಿ ತಪ್ಪಿಸಿಕೊಂಡೆವು. ತಪ್ಪು ನನ್ನದೇ, ಸಂಡಿಗೆಗಳ ಸಾಲಿನಲ್ಲಿ ನಾನೂ ಒಂದು ಸಂಡಿಗೆಯಾಗಿ ನಿದ್ದೆ ಹೋಗಿದ್ದೆ. ಹೋಟೆಲಿನವ ಒಂದು ಮರದ ಜಾರುಬಂಡಿ ತಂದು ಮುಂದಿಟ್ಟು, ಹಿಮದಲ್ಲಿ ಅಗಲವಾಗಿ ಕೊರೆದ ಒಂದು ದಾರಿ ತೋರಿಸಿದ. ಊರಿನ ಮಕ್ಕಳೆಲ್ಲ ಇದರಲ್ಲೇ ಇಳಿಯುತ್ತಾರಂತೆ. ಚಕ್ರವಿಲ್ಲ, ನೊಗವಿಲ್ಲ, ಹಿಡಿಯಲು ಒಂದು ಹಗ್ಗ. ಎಡಕ್ಕೆ ಹೋಗಬೇಕಾದರೆ ಎಡಗಾಲು ಊರುವುದು, ಬಲಕ್ಕೆ ಬಲಗಾಲು, ನಿಲ್ಲಬೇಕಾದರೆ ಎರಡೂ.

ನಾನು ಮುಂದೆ ಕೂರಲು ಹೋದೆ. ‘ಸರಿ ಅತ್ಲಾಗ’ ಎಂದಳು ಅಕ್ಕ. ‘ಕಬ್ಬ ತುಂಬಿದ ಗಾಡಿ ಘಾಟಿನ್ಯಾಗ ಇಳಿಸ್ದಾಕಿ ನಾನು. ನೀ ಅವಾಗ ಗಾಡಿಯೊಳಗ ಮಲಗಿ ಕಬ್ಬ ತಿಂತಿದ್ದಿ.’ ಸೀರೆಯನ್ನು ಕಚ್ಚೆ ಹಾಕಿ ಮುಂದೆ ಕೂತಳು. ನಾನು ಹಿಂದೆ ಕೂತು ಆಕೆಯ ಕೋಟು ಹಿಡಿದುಕೊಂಡೆ.

ಆಮೇಲಿನದನ್ನು ನಾನು ಪೂರ್ತಿ ನೋಡಿದೆನೆಂದು ಹೇಳಲಾರೆ. ಗಾಳಿ, ಹಿಮದ ಪುಡಿ, ಅಕ್ಕನ ‘ಹೋ ಹೋ ಹೋ! ಬಾಜೂ, ಬಾಜೂ ಸರೀರಿ!’ ಎಂಬ ಕೂಗು ಇಷ್ಟೇ ನೆನಪು. ಒಂದು ತಿರುವಿನಲ್ಲಿ ನಮ್ಮಂತೆಯೇ ಕಂಪನಿಯ ಬಹುಮಾನದಲ್ಲಿ ಬಂದಿದ್ದ ಸಾಂಗಲಿಯ ಡೀಲರೊಬ್ಬರು, ಬಸ್ಸಿನಲ್ಲಿ ಎಲ್ಲರಿಗೂ ಸ್ಕೀ ಪಾಠ ಹೇಳಿದವರು, ಹಲಗೆ ಕಳಚಿ ಹೆಗಲ ಮೇಲೆ ಹೊತ್ತು ನಡೆದು ಇಳಿಯುತ್ತಿದ್ದರು. ಅವರ ಮೀಸೆಯ ತುಂಬ ಹಿಮ. ಅಕ್ಕ ಅವರನ್ನು ದಾಟುವಾಗ ‘ನಮಸ್ಕಾರ್ರೀ ಸಾವಕಾರ!’ ಎಂದಳಂತೆ, ಅವರೇ ರಾತ್ರಿ ಎಲ್ಲರ ಮುಂದೆ ಹೇಳಿಕೊಂಡು ನಕ್ಕರು. ಕೆಳಗೆ ಚರ್ಚಿನ ಬಯಲಿನಲ್ಲಿ ಬಂಡಿ ನಿಂತಾಗ ನನ್ನ ಒಂದು ಬೂಟು ಗುಡ್ಡದಲ್ಲೇ ಉಳಿದಿತ್ತು. ರೋಸಾಬಾಯಿ ಕೋಲು ಬಗಲಿಗಿಟ್ಟು ಚಪ್ಪಾಳೆ ಹೊಡೆದಳು. ಅಕ್ಕ ಎದ್ದು, ಸೀರೆಯ ಹಿಮ ಕೊಡವಿ, ‘ಇನ್ನೊಂದ ಖೇಪ ಹಾಕೂಣೇನು?’ ಎಂದಳು.

ಮುಚ್ಚಿದ ದಾರಿ

ನಾಲ್ಕನೆಯ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಎದುರಿನ ಮನೆಯೇ ಇಲ್ಲ. ಹಿಮ ಅಡ್ಡಡ್ಡ ಬೀಳುತ್ತಿತ್ತು. ಗಾಳಿಗೆ ಡಬ್ಬಿಗಳನ್ನು ನಿಲ್ಲಿಸಿದ್ದರು. ಬೇರೆ ಊರಿಗೆ ಹೋಗೋಣವೆಂದರೆ ರಸ್ತೆಯ ಮೇಲೆ ಹಿಮ ಕುಸಿದು ಬಸ್ಸು ನಿಂತಿತ್ತು. ಅಕ್ಕ ಗುಳಿಗೆ ನುಂಗಲಿಲ್ಲ, ಬಿಸಿನೀರು ಕುಡಿದಳು. ನೀರಿಗೆ ಆಕೆಯ ವ್ರತದಲ್ಲಿ ಅಡ್ಡಿಯಿಲ್ಲ. ಮಧ್ಯಾಹ್ನವಾಯಿತು. ಸಂಜೆಯಾಗುತ್ತ ಬಂತು. ಹಿಂದಿನ ದಿನ ಮೇಲಿನ ಬೆಂಚಿನ ಮೇಲೆ ಉಂಡದ್ದೇ ಕೊನೆ.

ದೇಶಮುಖರು ಬಂದು ನನ್ನನ್ನು ಪಕ್ಕಕ್ಕೆ ಕರೆದರು. ‘ಆತಾ ಕಾಯ ಕರಾಯಚಂ, ಈಗೇನು ಮಾಡೋದು?’ ಎಂದು ಕೈ ಹಿಸುಕಿಕೊಂಡರು. ನಾಳೆ ಮಧ್ಯಾಹ್ನದೊಳಗೆ ಊಟ ಮಾಡದಿದ್ದರೆ ಊರಿನ ಡಾಕ್ಟರನ್ನು ಕರೆಸಿ ಸಲಾಯಿನ್ ಹಚ್ಚಿಸುವುದೇ ಸರಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಕ್ಕನ ಮುಖ ಬಾಡಿತ್ತು. ಏಳುವಾಗ ಗೋಡೆ ಹಿಡಿದದ್ದನ್ನು ನಾನು ನೋಡಿದ್ದೆ.

ನನಗೆ ತಡೆಯಲಾಗಲಿಲ್ಲ. ‘ಅಕ್ಕಾ, ಸಾಕ ಮಾಡ. ಇಲ್ಲಿ ನಿನಗ ಏನರ ಆದ್ರ ನಾ ಊರಾಗ ಯಾವ ಮಾರಿ ತೋರಸ್ಲಿ? ಹೊರಗ ಇನ್ನೂ ಹಗಲ ಐತಿ. ಉಪಾಧ್ಯೆಯವರು ಉಣ್ಣರಿ ಅಂದಾರ. ಮಹಾರಾಜರು ಇದ್ರ ಅವರೂ ಉಣ್ಣ ಅಂತಿದ್ರು.’

ಆಕೆ ಸಿಟ್ಟಾಗಲಿಲ್ಲ. ಹತ್ತಿರ ಕೂರಿಸಿಕೊಂಡಳು.

‘ಬಾಳೂ, ನಾ ಹಟಾ ಮಾಡಾಕತ್ತೇನಿ ಅಂತ ತಿಳಿಬ್ಯಾಡ. ಹಲಕರ್ಣಿ ರೈತಗ ಸೋಮವಾರ ಪೈಪ ಹಾಕತೀನಿ ಅಂದ್ರ ಸೋಮವಾರ ಹಾಕೇನಿ. ಮಳಿ ಬಂದ್ರೂ ಹಾಕೇನಿ, ಜ್ವರ ಬಂದ್ರೂ ಹಾಕೇನಿ. ಅದಕ್ಕ ಜನಾ ಹೆಣಮಗಳ ಅಂಗಡಿಗೆ ಬಂದ್ರು. ಮಾತ ಬಿಟ್ರ ನನ್ನ ಹಂತ್ಯಾಕ ಬ್ಯಾರೆ ಬಂಡವಾಳ ಏನಿತ್ತು? ದೊಡ್ಡಾಕಿ ಆಗಿ ಕೊಟ್ಟ ಮಾತ ಅಷ್ಟ ಗಟ್ಟಿ, ಸಣ್ಣ ಹುಡಿಗಿ ಇದ್ದಾಗ ಕೊಟ್ಟ ಮಾತ ಪೊಳ್ಳು ಅನ್ನಲೇನು?’

ಅಂಗಡಿ ಮಾರು ಎಂದು ಈ ಹೆಂಗಸಿಗೆ ಹೇಳಿದ್ದ ನಾನು ಎಂಥ ಜಾಣ!

ರೋಸಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿತ್ತು. ನಾಳೆ ಶುಕ್ರವಾರ ಎಂದಳು. ನಾಳೆ ನಡುಮಧ್ಯಾಹ್ನ ಸೂರ್ಯ ದಕ್ಷಿಣದ ಗುಡ್ಡದ ಗೋಡೆಯಲ್ಲಿರುವ ಸೀಳಿನಲ್ಲಿ ಬರುತ್ತಾನೆ, ಚರ್ಚಿನ ಬಯಲಿಗೆ ಇಳಿಯುತ್ತಾನೆ, ಮೊದಲ ದಿನ ಕಾಲು ಗಂಟೆಯಷ್ಟೇ ಇರುತ್ತಾನೆ. ಆಮೇಲೆ ಇನ್ನೊಂದನ್ನೂ ಹೇಳಿದಳು: ಗುಡ್ಡದ ನೆತ್ತಿಯ ಮೇಲೆ ಹೊಸ ಹಿಮ ಬಿದ್ದು ಗೋಡೆ ಎತ್ತರವಾಗಿದೆ. ಕೆಲವು ವರ್ಷ ಹೀಗಾದಾಗ ಬಿಸಿಲು ಗೋಪುರ ಮುಟ್ಟಿ ಹಾಗೇ ಹೊರಟುಹೋಗುತ್ತದೆ, ನೆಲಕ್ಕೆ ಇಳಿಯುವುದಿಲ್ಲ.

ಇದನ್ನು ನಾನು ಅಕ್ಕನಿಗೆ ಹೇಳಬಾರದೆಂದುಕೊಂಡೆ. ಆಕೆ ನನ್ನ ಮುಖ ನೋಡಿಯೇ, ‘ಏನಂದ್ಳು, ಪೂರ್ತಿ ಹೇಳ’ ಎಂದಳು. ಹೇಳಿದೆ.

‘ಬರತಾನ ತಗೋ’ ಎಂದು ಮಗ್ಗುಲು ತಿರುಗಿ ಮಲಗಿದಳು.

ಚರ್ಚಿನ ಬಯಲು

ಶುಕ್ರವಾರ ಹಿಮ ನಿಂತಿತ್ತು, ಆಕಾಶ ತೊಳೆದಂತಿತ್ತು. ಡಬ್ಬಿಗಳು ಮಾತ್ರ ಇನ್ನೂ ನಿಂತೇ ಇದ್ದವು; ಸರಿಗೆಗೆ ಮಂಜುಗಡ್ಡೆ ಹಿಡಿದಿದೆ ಎಂದರು. ಇದ್ದದ್ದು ಆ ಕಾಲು ಗಂಟೆ ಒಂದೇ.

ಹನ್ನೊಂದರ ಸುಮಾರಿಗೇ ಊರೆಲ್ಲ ಬಯಲಿನಲ್ಲಿ ಸೇರಿತ್ತು. ಉದ್ದನೆಯ ಮೇಜುಗಳು, ಮನೆಮನೆಯಿಂದ ತಂದ ರೊಟ್ಟಿ, ಹಣ್ಣಿನ ಕಡುಬು, ಬಿಸಿ ಪಾನಕ, ಹಿತ್ತಾಳೆಯ ತುತ್ತೂರಿಗಳ ಒಂದು ಬ್ಯಾಂಡು. ಯಾರೂ ಏನನ್ನೂ ಮುಟ್ಟುತ್ತಿರಲಿಲ್ಲ. ಬಿಸಿಲು ಬಂದ ಮೇಲೇ ತಿನ್ನುವುದು ಅಲ್ಲಿನ ಪದ್ಧತಿ. ಎಲ್ಲರ ಮುಖ ಗುಡ್ಡದ ಸೀಳಿನ ಕಡೆಗೆ.

ನನಗೆ ಕೊಲ್ಲಾಪುರ ನೆನಪಾಯಿತು. ಅದೇ ದಿನಗಳಲ್ಲೇ ಅಲ್ಲಿ ಅಂಬಾಬಾಯಿಯ ಗುಡಿಯಲ್ಲಿ ಕಿರಣೋತ್ಸವ. ಇಳಿಬಿಸಿಲು ಮಹಾದ್ವಾರದಿಂದ ಒಳಗೆ ಬಂದು ದೇವಿಯ ಪಾದ ಮುಟ್ಟುವುದನ್ನು ನೋಡಲು ಜನ ಉಸಿರು ಹಿಡಿದು ನಿಲ್ಲುತ್ತಾರೆ. ಈ ವರ್ಷ ಕಿರಣ ಮುಖದವರೆಗೆ ಏರುತ್ತದೆ ಎನ್ನುವವರು, ಎದುರಿನ ಕಟ್ಟಡ ಅಡ್ಡ ಬರುತ್ತದೆ ಎನ್ನುವವರು, ತಮ್ಮ ಅಜ್ಜನ ಕಾಲದ ಸಾಕ್ಷಿ ತರುವವರು. ಇಲ್ಲೂ ಅದೇ ಮುದುಕರು, ಅದೇ ಜಗಳ. ಒಬ್ಬ ಇಳಿಯುತ್ತದೆ ಎಂದ, ಇನ್ನೊಬ್ಬ ಹಿಮ ತೋರಿಸಿ ಇಲ್ಲವೆಂದು ತಲೆಯಾಡಿಸಿದ. ಬೆರಳುಗಳು ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದವು.

ರೋಸಾಬಾಯಿ ತನ್ನ ಅಡುಗೆಮನೆಯ ಕುರ್ಚಿ ತರಿಸಿ ಚರ್ಚಿನ ಮೆಟ್ಟಿಲ ಬುಡಕ್ಕೆ ಹಾಕಿಸಿದಳು. ಅಕ್ಕ ಕೂತಳು. ಮಡಿಲಲ್ಲಿ ತಾಟು: ಎರಡು ರೊಟ್ಟಿ, ಚಟ್ನಿ, ಬೆಲ್ಲ, ಅನ್ನ ಮೊಸರು. ನಾನು ರೊಟ್ಟಿಯನ್ನು ಮೊಸರಿನಲ್ಲಿ ನೆನೆಹಾಕಲು ಹೋದರೆ ಕೈ ತಳ್ಳಿದಳು. ‘ಮೆತ್ತಗಾದ ರೊಟ್ಟಿ ರೋಗಿ ಊಟಾ. ನಾ ರೋಗಿ ಅಲ್ಲ.’ ಹಾಗೆಂದವಳು ಕುರ್ಚಿಯ ಬೆನ್ನಿಗೆ ಒರಗಿಕೊಂಡಳು. ದೇಶಮುಖರು ಸ್ವಲ್ಪ ದೂರದಲ್ಲಿ ಡಾಕ್ಟರನ್ನು ಪಕ್ಕಕ್ಕಿಟ್ಟುಕೊಂಡೇ ನಿಂತಿದ್ದರು. ಈ ಹೆಂಗಸು ಯಾಕೆ ಕೂತಿದ್ದಾಳೆ ಎಂಬುದನ್ನು ರೋಸಾಬಾಯಿ ಬಯಲಿಗೆಲ್ಲ ಹೇಳಿಬಿಟ್ಟಿದ್ದಳು.

ಗೋಪುರದ ತುದಿ ಒಮ್ಮೆಲೇ ಹೊತ್ತಿಕೊಂಡಿತು. ಬಯಲೆಲ್ಲ ‘ಆ!’ ಎಂದಿತು. ಬಿಸಿಲು ಗೋಪುರದಿಂದ ಗಂಟೆಗೆ, ಗಂಟೆಯಿಂದ ಗೋಡೆಗೆ ಇಳಿಯಿತು. ಬಾಗಿಲ ಕಮಾನಿಗೆ ಬಂತು. ಅಲ್ಲೇ ನಿಂತಿತು.

ನಿಂತೇ ಇತ್ತು. ನಮ್ಮ ತಲೆಯ ಮೇಲೆ ಒಂದು ಮಾರು ಎತ್ತರದಲ್ಲಿ. ಇಲ್ಲವೆಂದು ತಲೆಯಾಡಿಸಿದ್ದ ಮುದುಕ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ದೇವರನ್ನು ಬೇಡುವ ಮನುಷ್ಯನಲ್ಲ, ಅವತ್ತು ಇಪ್ಪತ್ತನಾಲ್ಕು ತೀರ್ಥಂಕರರನ್ನೂ ಕರೆದೆ, ಅಂಬಾಬಾಯಿಯನ್ನೂ ಬಿಡಲಿಲ್ಲ. ಅಕ್ಕ ಮಾತ್ರ ಬೆಳಕನ್ನೇ ನೋಡುತ್ತ, ಗಿರಾಕಿ ಬರುವುದು ಗೊತ್ತಿದ್ದ ಅಂಗಡಿಕಾರ್ತಿಯಂತೆ ಕೂತಿದ್ದಳು.

ಆಮೇಲೆ ಬೆಳಕು ಕಮಾನು ಬಿಟ್ಟು ಬಾಗಿಲಿಗೆ ಇಳಿಯಿತು, ಮೆಟ್ಟಿಲು ಇಳಿಯಿತು, ಅಕ್ಕನ ಟೊಪ್ಪಿಗೆ, ಮೂಗುತಿ, ತಾಟು, ಕಾಲು ಎಲ್ಲವನ್ನೂ ಒಟ್ಟಿಗೆ ಮುಟ್ಟಿತು. ಬ್ಯಾಂಡು ಬಾರಿಸಿತು. ನಾನು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಅತ್ತೆ.

ಅಕ್ಕ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿದಳು. ಕಣ್ಣು ತೆರೆದು ರೊಟ್ಟಿ ಮುರಿದಳು. ಮುರಿದ ಮೊದಲ ತುಂಡನ್ನು ರೋಸಾಬಾಯಿಗೆ ಚಾಚಿದಳು!

‘ಅಕ್ಕಾ, ಉಣ್ಣ! ಹೊತ್ತ ಹೋಗಾಕತ್ತೈತಿ!’

‘ಮನಿಯಾಕಿನ್ನ ಬಿಟ್ಟ ಉಣ್ಣಲೇನು? ತಗೋರಿ ರೋಸಾಬಾಯಿ.’ ರೋಸಾಬಾಯಿ ತಿಂದಳು. ಎರಡನೆಯ ತುಂಡು ತುತ್ತೂರಿಯವನಿಗೆ. ಮೂರನೆಯದು ದೇಶಮುಖರಿಗೆ. ನಾನು ತಲೆ ಚಚ್ಚಿಕೊಂಡೆ. ನಾಲ್ಕನೆಯ ತುಂಡು ಕಡೆಗೂ ಆಕೆಯ ಬಾಯಿಗೆ ಹೋಯಿತು. ಕಡಕ್ ರೊಟ್ಟಿಯ ಆ ಕರಕರ ಸದ್ದಿಗೆ ಬಯಲೆಲ್ಲ ಕೂಗಿತು; ಕೊಲ್ಲಾಪುರದ ಖಾಸಬಾಗ ಕುಸ್ತಿ ಮೈದಾನದಲ್ಲಿ ನಮ್ಮ ಪೈಲವಾನ ಎದುರಾಳಿಯನ್ನು ಎತ್ತಿದಾಗಲೇ ನಾನು ಅಂಥ ಕೂಗು ಕೇಳಿದ್ದು.

ಅಷ್ಟರಲ್ಲಿ ಬಿಸಿಲು ಸರಿಯತೊಡಗಿತ್ತು. ಸೂರ್ಯ ಸೀಳಿನ ಆಚೆ ನಡೆದಂತೆ ಬೆಳಕಿನ ತುಂಡು ಬಯಲಿನ ಮೇಲೆ ಬೇಕರಿಯ ಕಡೆಗೆ ಜಾರುತ್ತಿತ್ತು. ಅಕ್ಕನ ಎಡಗೈ ನೆರಳಿಗೆ ಬಂತು. ಆಕೆ ಬಾಯಲ್ಲಿದ್ದ ತುತ್ತು ನುಂಗಿ, ಉಣ್ಣುವುದು ನಿಲ್ಲಿಸಿ, ಏಳಲು ಹೋದಳು. ಏಳಲಾಗಲಿಲ್ಲ, ಕುಸಿದು ಕೂತಳು. ತಾಟಿನಲ್ಲಿ ಇನ್ನೂ ಮುಕ್ಕಾಲು ಊಟ.

ತುತ್ತೂರಿಯವ ತುತ್ತೂರಿ ನೆಲಕ್ಕಿಟ್ಟ. ಡೋಲಿನವನಿಗೆ ಏನೋ ಹೇಳಿದ. ನಾಲ್ವರು ಬಂದು ಕುರ್ಚಿಯ ನಾಲ್ಕು ಕಾಲಿಗೆ ಕೈ ಹಾಕಿ ಅಕ್ಕನನ್ನು ಕೂತ ಹಾಗೆಯೇ ಎತ್ತಿದರು. ಪಲ್ಲಕ್ಕಿ ಹೊರಟಿತು! ಬಿಸಿಲು ಎಷ್ಟು ಸರಿದರೆ ಅಷ್ಟು ಹೆಜ್ಜೆ, ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಡಿಮೆಯಿಲ್ಲ. ಮುಂದೆ ರೋಸಾಬಾಯಿ ಕೋಲಿನಿಂದ ಜನರನ್ನು ಸರಿಸುತ್ತ, ಪಕ್ಕದಲ್ಲಿ ನಾನು ಮೊಸರಿನ ಬಟ್ಟಲು ಹಿಡಿದು, ಹಿಂದೆ ಉಳಿದ ಬ್ಯಾಂಡು ಬಾರಿಸುತ್ತ, ನಡುವೆ ಅಕ್ಕ ಉಣ್ಣುತ್ತ. ಬೆಲ್ಲ ಮುಗಿಯಿತು. ಕಾರಂಜಿ ದಾಟಿದೆವು. ಅನ್ನ ಕಲಸಿದಳು. ಸಾಂಗಲಿಯ ಸಾವಕಾರರು ಓಡಿಬಂದು ಕುರ್ಚಿಗೆ ತಾವೂ ಒಂದು ಕೈ ಕೊಟ್ಟರು. ‘ಸಾವಕಾಶ ಉಣ್ಣ ತಾಯಿ, ನಾವ ಅದೀವಿ’ ಎಂದು ಯಾರೋ ಕೂಗಿದರು. ಯಾರೋ ಏನು, ನಾನೇ.

ಬೇಕರಿಯ ಗೋಡೆಗೆ ಬಂದಾಗ ಮುಂದೆ ಹೋಗಲು ನೆಲವಿರಲಿಲ್ಲ. ನೆರಳು ಅಕ್ಕನ ಕಾಲು ಏರಿತು, ಸೊಂಟ ಏರಿತು. ಬೆಳಕು ಮುಖದ ಮೇಲೆ ಮಾತ್ರ ಉಳಿದಿತ್ತು. ಕೊನೆಯ ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಖಾಲಿ ತಾಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಆಮೇಲೆ ಬಿಸಿಲು ಹೋಯಿತು.

ಆ ಕೂಗನ್ನು ನಾನು ಬರೆಯಲಾರೆ. ಡಾಕ್ಟರು ಕೂಡ ಚೀಲ ಕೆಳಗಿಟ್ಟು ಕೂಗುತ್ತಿದ್ದರು. ಟೊಪ್ಪಿಗೆಗಳು ಹಾರಿದವು. ಕುರ್ಚಿ ಇಳಿಸಿದರು. ಅಕ್ಕ ಗುಳಿಗೆ ನುಂಗಿ ನೀರು ಕುಡಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು, ಸುತ್ತ ನೋಡಿದಳು. ಮೇಜುಗಳ ಮೇಲೆ ರೊಟ್ಟಿ, ಕಡುಬು ಎಲ್ಲ ಇಟ್ಟಲ್ಲೇ ಇದ್ದವು. ಆಕೆಯನ್ನು ನೋಡುವುದರಲ್ಲಿ ಊರಿನವರು ತಮ್ಮ ಹಬ್ಬದ ಊಟ ಮರೆತಿದ್ದರು.

‘ಯಾಕ್ರೀ, ಎಲ್ಲಾರೂ ಹಂಗ ನಿಂತೀರಿ? ಉಣ್ಣರಿ! ನಿಮಗೇನ ವ್ರತ ಐತಿ?’

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ, ರೋಸಾಬಾಯಿ ಅವರ ಮಾತಿಗೆ ತಿರುಗಿಸಿದಳು, ಬಯಲೆಲ್ಲ ನಕ್ಕಿತು. ಊರಿಗೆ ಊರೇ ನೆರಳಿನಲ್ಲಿ ಊಟಕ್ಕೆ ಕೂತಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಮೇಜಿನಿಂದ ಶುರುಮಾಡಿ ಬಡಿಸಿದಳು.